ಎಸ್ಸೆಸ್ಸೆಲ್ಸಿ ಆಯ್ತು, ಮುಂದೆ ಪಿಯುಸಿಯೋ ಐಟಿಐಯೋ ಡಿಪ್ಲೊಮಾನೋ? ದಾವಣಗೆರೆ, ಚಿತ್ರದುರ್ಗದ ಮನೆಗಳಿಗೊಂದು ಲೆಕ್ಕ

ಫಲಿತಾಂಶ ಬಂದ ಮರುದಿನದಿಂದ ಒಂದೇ ಪ್ರಶ್ನೆ ಹತ್ತಾರು ಬಾಯಲ್ಲಿ ಬರುತ್ತದೆ: "ಹುಡುಗಂಗೆ 58 ಪರ್ಸೆಂಟ್ ಆಗೇತಿ. ಸೈನ್ಸ್ ಕೊಡಿಸೋಣೋ, ಐಟಿಐಗೆ ಹಾಕೋಣೋ?" ಗಮನಿಸಿ, ಸೈನ್ಸನ್ನು 'ಕೊಡಿಸುತ್ತಾರೆ', ಐಟಿಐಗೆ 'ಹಾಕುತ್ತಾರೆ'. ಕೇಳುವ ಮೊದಲೇ ಮನಸ್ಸಿನಲ್ಲಿ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಇಷ್ಟಾಗಿ, ಉತ್ತರಕ್ಕೆ ಬೇಕಾದ ಒಂದು ವಿಷಯವೂ ಆ ಪ್ರಶ್ನೆಯಲ್ಲಿಲ್ಲ. ಒಟ್ಟು ಪರ್ಸೆಂಟ್ ಇದೆ, ಗಣಿತದ ಅಂಕ ಇಲ್ಲ. ಮನೆಗೆ ಮೊದಲ ಸಂಬಳ ಯಾವ ವರ್ಷ ಬೇಕು ಅನ್ನುವುದಿಲ್ಲ. ಊರಿಂದ ಬೆಳಗ್ಗೆ ಮೊದಲ ಬಸ್ ಎಷ್ಟಕ್ಕೆ ಅನ್ನುವುದಿಲ್ಲ.

ಮೊದಲು ಈ ಅಳತೆಗಳನ್ನು ಇಟ್ಟುಕೊಂಡು, ಆಮೇಲೆ ಒಂದೊಂದು ದಾರಿಯನ್ನೂ ಅದಕ್ಕೆ ಹಿಡಿದು ನೋಡೋಣ.

ಐದು ಅಳತೆ

ಒಂದು, ವಯಸ್ಸು. ಹತ್ತನೇ ತರಗತಿ ಮುಗಿದಾಗ ಮಗುವಿಗೆ ಸುಮಾರು 16. 18 ತುಂಬದವರನ್ನು ಕಾರ್ಖಾನೆ ಕೆಲಸಕ್ಕೆ ಹಾಕಲು ಕಾನೂನಿನಲ್ಲಿ ಹಲವು ಕಟ್ಟುಪಾಡುಗಳಿವೆ. ಈ ತಂಟೆಯೇ ಬೇಡವೆಂದು ದೊಡ್ಡ ಕಂಪನಿಗಳು 18 ಆಗದವರನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತವೆ. ಹಾಗಾಗಿ 'ಬೇಗ ಮುಗಿಯುವ ಕೋರ್ಸು' ಅಂದರೆ 'ಬೇಗ ಸಿಗುವ ಕೆಲಸ' ಅಲ್ಲ. 16ಕ್ಕೆ ಸೇರಿ ಒಂದು ವರ್ಷದ ವೆಲ್ಡರ್ ಮುಗಿಸಿದ ಹುಡುಗ 17ಕ್ಕೆ ಸರ್ಟಿಫಿಕೇಟ್ ಹಿಡಿದು ಮನೆಯಲ್ಲಿ ಕೂರುತ್ತಾನೆ.

ಎರಡು, ಗಣಿತ. ಒಟ್ಟು ಅಂಕವನ್ನು ಮರೆತು ಗಣಿತದ್ದೊಂದನ್ನೇ ನೋಡಿ. ಅದರಲ್ಲೂ ಬಾಯಿಪಾಠದ ಪ್ರಶ್ನೆಗಳಿಂದ ಬಂದದ್ದೆಷ್ಟು, ತಾನಾಗಿ ಬಿಡಿಸಿದ್ದೆಷ್ಟು ಅಂತ ಮಗುವನ್ನೇ ಕೇಳಿ. ಬೈಯುವುದಿಲ್ಲ ಅಂತ ಗೊತ್ತಾದರೆ ನಿಜ ಹೇಳುತ್ತಾರೆ.

ಮೂರು, ಕೈಯಿಂದ ಹೋಗುವ ದುಡ್ಡು. ಫೀಸು ಒಂದೇ ಅಲ್ಲ. ಬಸ್ಸು, ಊಟ, ರೂಮು, ಸಮವಸ್ತ್ರ, ಡ್ರಾಫ್ಟರ್, ಟ್ಯೂಶನ್ ಎಲ್ಲ ಸೇರಿಸಿ.

ನಾಲ್ಕು, ಪಕ್ಕದ ಬಾಗಿಲು. ಈ ದಾರಿ ಹಿಡಿದ ಮೇಲೆ ಮನಸ್ಸು ಬದಲಾದರೆ ಎಲ್ಲಿಂದ ಎಲ್ಲಿಗೆ ಹೊರಳಬಹುದು, ಎಷ್ಟು ವರ್ಷ ನಷ್ಟ?

ಐದು, ಕೆಲಸ ಎಲ್ಲಿದೆ. ಬಸ್ಸಲ್ಲಿ ಹೋಗಿ ಬರುವ ದೂರದಲ್ಲೋ, ಬೆಂಗಳೂರಿಗೆ ಗಂಟುಮೂಟೆ ಕಟ್ಟಬೇಕೋ?

ವರ್ಷದ ಲೆಕ್ಕ

ಪಕ್ಕದ ಬಾಗಿಲಿನ ಮಾತನ್ನು ಮೊದಲೇ ಮುಗಿಸಿಬಿಡೋಣ, ಏಕೆಂದರೆ ಹೆಚ್ಚಿನ ಹೆದರಿಕೆ ಇರುವುದೇ ಇಲ್ಲಿ. "ಐಟಿಐಗೆ ಹೋದರೆ ಎಂಜಿನಿಯರ್ ಆಗೋ ದಾರಿ ಮುಚ್ಚಿತು" ಅನ್ನುವುದು ತಪ್ಪು ತಿಳಿವಳಿಕೆ.

ಪಿಯುಸಿ 2 ವರ್ಷ, ಬಿಇ 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ ಮುಗಿಸಿ, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಿದರೆ ಅಲ್ಲಿ 3 ವರ್ಷ, ಒಟ್ಟು ಮತ್ತೆ 6. ಎರಡು ವರ್ಷದ ಐಟಿಐ ಮಾಡಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ. ಆಗ 2 ವರ್ಷ ಐಟಿಐ, 2 ವರ್ಷ ಡಿಪ್ಲೊಮಾ, 3 ವರ್ಷ ಬಿಇ, ಒಟ್ಟು 7. ಅಂದರೆ ಐಟಿಐಯಿಂದ ಸುತ್ತಿಕೊಂಡು ಹೋದರೂ ಹೆಚ್ಚಾಗುವುದು ಒಂದೇ ವರ್ಷ. ನಡುವೆ ಎಲ್ಲಿ ನಿಂತರೂ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರುತ್ತದೆ. ಪಿಯುಸಿ ಸೈನ್ಸ್ ಪಾಸಾಗಿ ಬಿಇ ಬೇಡವೆನಿಸಿದವರಿಗೂ ಡಿಪ್ಲೊಮಾ ಎರಡನೇ ವರ್ಷದ ಬಾಗಿಲು ತೆರೆದಿದೆ.

ನಿಜವಾಗಿ ಮುಚ್ಚುವ ಬಾಗಿಲು ಬೇರೆ. ಜೀವಶಾಸ್ತ್ರ ಓದದಿದ್ದರೆ ಮೆಡಿಕಲ್, ಬಿಎಸ್ಸಿ ನರ್ಸಿಂಗ್ ಕಡೆಗೆ ಹೋಗಲಾಗದು. ಡಿಪ್ಲೊಮಾ, ಐಟಿಐ ಎರಡರಿಂದಲೂ ಅತ್ತ ದಾರಿಯಿಲ್ಲ. ಮಗಳಿಗೆ ನರ್ಸಿಂಗ್ ಆಸೆ ಇದ್ದರೆ ಈ ಹೋಲಿಕೆಯೇ ಬೇಡ, ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಇರುವ ಪಿಯುಸಿಗೆ ಸೇರಿಸಿ.

ಪಿಯುಸಿ

ದಾವಣಗೆರೆ ಪಿಯು ಕಾಲೇಜುಗಳ ಊರು. ಹೊರ ಜಿಲ್ಲೆಯ ಮಕ್ಕಳೂ ಇಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾರೆ. ಹಾಗಾಗಿ ಇಲ್ಲಿನ ಮನೆಗಳಿಗೆ ಸೈನ್ಸ್ ಬಿಟ್ಟರೆ ಬೇರೆಯದು ಕಣ್ಣಿಗೆ ಬೀಳುವುದು ಕಷ್ಟ.

ಸೈನ್ಸ್ ಯಾರಿಗೆ ಸರಿ? ಗಣಿತದಲ್ಲಿ ಗಟ್ಟಿಯಿದ್ದು, ಆರು ವರ್ಷ ದುಡಿಮೆಗೆ ಕಾಯುವ ತಾಕತ್ತು ಮನೆಗೆ ಇದ್ದವರಿಗೆ. ಬಿಇ ಸೀಟಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಬೋರ್ಡಿನ ಅಂಕ ಅರ್ಧ. ಒಂದರಲ್ಲಿ ಜಾರಿದ್ದನ್ನು ಇನ್ನೊಂದರಲ್ಲಿ ಪೂರ್ತಿ ತುಂಬಿಕೊಳ್ಳಲಾಗದು. ಸರ್ಕಾರಿ ಪಿಯು ಕಾಲೇಜಿನ ಫೀಸು ಹೊರೆಯಲ್ಲ. ಖಾಸಗಿಯಲ್ಲಿ ಸಿಇಟಿ, ನೀಟ್ ಕೋಚಿಂಗ್ ಸೇರಿಸಿದ 'ಇಂಟಿಗ್ರೇಟೆಡ್' ಫೀಸು ವರ್ಷಕ್ಕೆ ಲಕ್ಷ ದಾಟುವುದುಂಟು. ಎರಡು ವರ್ಷಕ್ಕೆ ಅಷ್ಟು ಸುರಿದ ಮೇಲೆ ಬಿಇಗೆ ದುಡ್ಡೇ ಉಳಿಯದ ಮನೆಗಳು ಕಡಿಮೆಯಿಲ್ಲ. ಆರೂ ವರ್ಷದ ಖರ್ಚನ್ನು ಒಂದೇ ಹಾಳೆಯಲ್ಲಿ ಬರೆದು ನೋಡಿದ ಮೇಲೆಯೇ ಮೊದಲ ಕಂತು ಕಟ್ಟಿ.

ಎಡವುವುದು ಎಲ್ಲಿ? ಕನ್ನಡ ಮಾಧ್ಯಮದಿಂದ ಬಂದ ಮಗು ಮೊದಲ ಮೂರು ತಿಂಗಳು ಪಾಠ ಅರ್ಥವಾಗದೆ ಕೂತಿರುತ್ತದೆ. ಫಿಸಿಕ್ಸ್ ಅರ್ಥವಾಗದ್ದು ಭಾಷೆಯಿಂದಲೋ ಗಣಿತದಿಂದಲೋ ಅಂತ ಮನೆಯವರಿಗೆ ತಿಳಿಯುವಷ್ಟರಲ್ಲಿ ದಸರಾ ರಜೆ ಬಂದಿರುತ್ತದೆ. ಭಾಷೆಯ ತೊಡಕಾದರೆ ಒಂದು ವರ್ಷದಲ್ಲಿ ಸರಿಹೋಗುತ್ತದೆ. ಗಣಿತದ್ದಾದರೆ ಹೋಗುವುದಿಲ್ಲ.

ಕಾಮರ್ಸ್, ಆರ್ಟ್ಸ್ ಬಗ್ಗೆ ಇಷ್ಟೇ ಹೇಳಬಹುದು: ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್, ಗ್ರಾಮ ಆಡಳಿತ ಅಧಿಕಾರಿ, ಎಸ್‌ಡಿಎ ಹುದ್ದೆಗಳಿಗೆ ಕೇಳುವುದು ಪಿಯುಸಿ; ಯಾವ ವಿಭಾಗ ಅಂತ ಕೇಳುವುದಿಲ್ಲ. ಆ ಪರೀಕ್ಷೆಗಳೇ ಗುರಿಯಾದರೆ ಸೈನ್ಸಿನಲ್ಲಿ ಒದ್ದಾಡಿ ಅಂಕ ಕಳೆದುಕೊಳ್ಳುವುದಕ್ಕಿಂತ ಆರ್ಟ್ಸಿನಲ್ಲಿ ಚೆನ್ನಾಗಿ ಓದುವುದು ಲಾಭ. ಹರಪನಹಳ್ಳಿ ಕಡೆಯ ನೆಂಟರ ಕಟ್‌ಆಫ್ ನೋಡಿ ಲೆಕ್ಕ ಹಾಕಬೇಡಿ. ಆ ತಾಲ್ಲೂಕು 2018ರಲ್ಲಿ ದಾವಣಗೆರೆ ಜಿಲ್ಲೆ ಬಿಟ್ಟು ಬಳ್ಳಾರಿಗೆ ಸೇರಿತು, ಅವರಿಗೆ ಕಲ್ಯಾಣ ಕರ್ನಾಟಕದ 371ಜೆ ಮೀಸಲಾತಿ ಇದೆ. ನಮಗಿಲ್ಲ.

ಐಟಿಐ: ಟ್ರೇಡಿಗಿಂತ ವರ್ಕ್‌ಶಾಪ್ ಮುಖ್ಯ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಒಳ್ಳೆಯ ಐಟಿಐಗೂ ಕೆಟ್ಟ ಐಟಿಐಗೂ ಇರುವಷ್ಟು ಅಂತರ ಬೇರಾವ ಕೋರ್ಸಿನಲ್ಲೂ ಇಲ್ಲ.

2022ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಲ್ಲಿ ವರ್ಷಕ್ಕೆ 1,200 ಗಂಟೆ. ಮೊದಲ ವರ್ಷ ಅದರಲ್ಲಿ 840 ಗಂಟೆ ಪ್ರಾಕ್ಟಿಕಲ್, 240 ಗಂಟೆ ಥಿಯರಿ, 120 ಗಂಟೆ ಎಂಪ್ಲಾಯಬಿಲಿಟಿ ಸ್ಕಿಲ್ಸ್. ಇದಲ್ಲದೆ ವರ್ಷಕ್ಕೆ 150 ಗಂಟೆ ಕಂಪನಿಯಲ್ಲಿ ಕೆಲಸದ ತರಬೇತಿ, ಇಲ್ಲವೇ ಪ್ರಾಜೆಕ್ಟ್. ಪಾಸಾಗಲು ಪ್ರಾಕ್ಟಿಕಲ್‌ನಲ್ಲಿ 60 ಪರ್ಸೆಂಟ್ ಬೇಕು, ಥಿಯರಿಯಲ್ಲಿ 33 ಸಾಕು. ಕೈಕೆಲಸಕ್ಕೆ ಎಷ್ಟು ತೂಕ ಅನ್ನುವುದು ಈ ಎರಡು ಅಂಕಿಯಲ್ಲೇ ಇದೆ.

ಆದರೆ 840 ಗಂಟೆ ಕಾಗದದ ಮೇಲಿನದು. ಒಂದು ಲೇತಿಗೆ ನಾಲ್ವರು ಹುಡುಗರಿದ್ದರೆ ಒಬ್ಬೊಬ್ಬನ ಪಾಲಿಗೆ ಬರುವುದು 210 ಗಂಟೆ. ಉಳಿದ ಮುಕ್ಕಾಲು ಪಾಲು ಹೊತ್ತು ಅವನು ನೋಡುಗ. ಸೀಟು ಒಪ್ಪಿಕೊಳ್ಳುವ ಮೊದಲು ಒಮ್ಮೆ ವರ್ಕ್‌ಶಾಪಿಗೆ ಹೋಗಲೇಬೇಕು ಅನ್ನುವುದು ಇದಕ್ಕೇ. ಆಫೀಸ್ ರೂಮಿನಲ್ಲಿ ಕೂತು ಫೀಸು ಕೇಳಿ ಬಂದರೆ ಏನೂ ತಿಳಿಯದು.

ಹೋದಾಗ ಮೊದಲು ಸ್ಕ್ರ್ಯಾಪ್ ಡಬ್ಬ ನೋಡಿ. ಕತ್ತರಿಸಿದ ತುಂಡು, ಅರೆದ ಪುಡಿ, ಸುಟ್ಟ ರಾಡಿನ ಬುಡ ತುಂಬಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ. ಡಬ್ಬ ಖಾಲಿ, ನೆಲ ಫಳಫಳ ಅಂದರೆ ಅನುಮಾನ ಪಡಿ. ವೆಲ್ಡಿಂಗ್ ಶಾಪಿನಲ್ಲಿ "ದಿನಕ್ಕೆ ಒಬ್ಬೊಬ್ಬರಿಗೆ ಎಷ್ಟು ರಾಡು?" ಅಂತ ಹುಡುಗರನ್ನೇ ಕೇಳಿ, ಮೇಷ್ಟ್ರನ್ನಲ್ಲ. 3.15 ಮಿಮೀ ರಾಡೊಂದು ಉರಿಯುವುದು ಒಂದು-ಒಂದೂವರೆ ನಿಮಿಷ. ದಿನಕ್ಕೆ ಎರಡೇ ರಾಡು ಕೊಟ್ಟರೆ ಹುಡುಗ ದಿನಕ್ಕೆ ಮೂರು ನಿಮಿಷ ವೆಲ್ಡಿಂಗ್ ಕಲಿತಂತಾಯಿತು. ಆರ್ಕ್ ಉದ್ದವನ್ನು (ರಾಡಿನ ತುದಿಗೂ ಲೋಹಕ್ಕೂ ನಡುವಿನ ಅಂತರ) ಕೈ ತಾನಾಗಿ ಹಿಡಿಯಲು ಅಷ್ಟು ಸಾಲದು. ಬೆಸುಗೆಯ ಗೆರೆ ಅಂಕುಡೊಂಕಾಗುತ್ತದೆ, ಒಳಗೆ ಸ್ಲ್ಯಾಗ್ (ಕಿಟ್ಟ) ಉಳಿಯುತ್ತದೆ. ಕಂಪನಿಯವರು ಟೆಸ್ಟ್ ಪೀಸು ಮುರಿದು ನೋಡಿದಾಗ ಎಲ್ಲ ಬಯಲು.

ಫಿಟ್ಟರ್ ಶಾಪಿನ ಪರೀಕ್ಷೆ ಬೇರೆ. ಮೊದಲ ತಿಂಗಳುಗಳಲ್ಲಿ ಹುಡುಗರು ಎಂ.ಎಸ್. (ಮೆದು ಉಕ್ಕು) ತುಂಡನ್ನು ವೈಸಿಗೆ ಕಚ್ಚಿಸಿ ಅರದಿಂದ ಉಜ್ಜುತ್ತಲೇ ಇರಬೇಕು. ಟ್ರೈ ಸ್ಕ್ವೇರ್ (ಮೂಲೆಮಟ್ಟ) ಒತ್ತಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತುತ್ತಾರೆ. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಉಜ್ಜಬೇಕು. ಆಮೇಲೆ 0.02 ಮಿಮೀ ಓದುವ ವರ್ನಿಯರ್, ಅದರ ನಂತರ ಮೈಕ್ರೋಮೀಟರ್. ಎರಡನೇ ವರ್ಷದ ಹುಡುಗನ ಕೈಗೆ ವರ್ನಿಯರ್ ಕೊಟ್ಟು ಒಂದು ಅಳತೆ ಓದಿಸಿ. ತಡವರಿಸಿದರೆ ಆ ಐಟಿಐ ಬಿಟ್ಟುಬಿಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಕೆಲವು ಖಾಸಗಿ ಐಟಿಐಗಳು "ಬರುವುದೇನೂ ಬೇಡ, ಪರೀಕ್ಷೆಗೆ ಬಂದರೆ ಸಾಕು" ಅನ್ನುತ್ತವೆ. ಪರೀಕ್ಷೆಗೆ ಕೂರಲು 80 ಪರ್ಸೆಂಟ್ ಹಾಜರಿ ನಿಯಮ. ಅದನ್ನು ಕಾಗದದಲ್ಲಿ ತುಂಬಿಸಿಕೊಡುತ್ತೇವೆ ಅನ್ನುವವರು ಕಲಿಸುವುದೂ ಕಾಗದದಲ್ಲೇ. ಬೇಕಾದ ಟ್ರೇಡಿಗೆ, ಬೇಕಾದ ಯೂನಿಟ್ಟಿಗೆ (ಬ್ಯಾಚಿಗೆ) ಕೇಂದ್ರದ ಎನ್‌ಸಿವಿಟಿ ಮಾನ್ಯತೆ ಇದೆಯೇ ಎಂಬುದನ್ನು ಸ್ಕಿಲ್ ಇಂಡಿಯಾ ಡಿಜಿಟಲ್ ಪೋರ್ಟಲಿನಲ್ಲಿ ನೋಡಿಕೊಳ್ಳಿ. ಸಂಸ್ಥೆಗೆ ಮಾನ್ಯತೆ ಇದ್ದ ಮಾತ್ರಕ್ಕೆ ಅಲ್ಲಿರುವ ಎಲ್ಲ ಟ್ರೇಡಿಗೂ ಇದೆ ಎಂದಲ್ಲ.

ಸರ್ಕಾರಿ ಐಟಿಐಗಳಲ್ಲಿ ಇನ್ನೊಂದು ಭೇದ ಗೊತ್ತಿರಲಿ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜತೆ ಸೇರಿ ಮೇಲ್ದರ್ಜೆಗೇರಿಸಲಾಗಿದೆ. ಅಲ್ಲಿ ಸಿಎನ್‌ಸಿ, ರೊಬೋಟಿಕ್ಸ್, ಎಲೆಕ್ಟ್ರಿಕ್ ವಾಹನದಂಥ ಹೊಸ ಟ್ರೇಡುಗಳಿವೆ. ನಿಮ್ಮ ತಾಲ್ಲೂಕಿನದು ಆ ಪಟ್ಟಿಯಲ್ಲಿದ್ದರೆ ಹೋಗಿ ಯಂತ್ರಕ್ಕೆ ಮುಚ್ಚಿದ ಪ್ಲಾಸ್ಟಿಕ್ ತೆಗೆದಿದ್ದಾರೋ ಇಲ್ಲವೋ ನೋಡಿ. ಹೊಸ ಯಂತ್ರ ಬಂದದ್ದು ಒಂದು ಸುದ್ದಿ, ಓಡುತ್ತಿರುವುದು ಇನ್ನೊಂದು.

ಟ್ರೇಡಿನ ಆಯ್ಕೆಗೆ ಬರೋಣ. ಎಲ್ಲರೂ ಎಲೆಕ್ಟ್ರಿಷಿಯನ್ ಕೇಳುತ್ತಾರೆ, ಕಾರಣ ಬೆಸ್ಕಾಂ. ಆದರೆ 2024ರಲ್ಲಿ ಕೆಪಿಟಿಸಿಎಲ್ ಕರೆದ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಕೇಳಿದ ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ. ಜತೆಗೆ 8 ಮೀಟರ್ ಕಂಬ ಹತ್ತುವ ಸಹನಶಕ್ತಿ ಪರೀಕ್ಷೆ. ಐಟಿಐ ಕೇಳಿರಲೇ ಇಲ್ಲ. ಲೈನ್‌ಮನ್ ಆಗಲೆಂದೇ ಎಲೆಕ್ಟ್ರಿಷಿಯನ್ ಸೇರಿಸುವುದಾದರೆ ಆ ಲೆಕ್ಕ ತಪ್ಪು.

ಎಲೆಕ್ಟ್ರಿಷಿಯನ್ ಟ್ರೇಡಿಗೆ ನಮ್ಮ ಸೀಮೆಯಲ್ಲಿ ನಿಜವಾದ ಬೆಲೆ ಇರುವುದು ಬೇರೆ ಕಡೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ನಿರ್ವಹಣೆ ಒಂದು. ಎತ್ತರ ಹತ್ತುವ ಎದೆಗಾರಿಕೆ ಇದ್ದವರಿಗೆ ಮಾತ್ರ ಅದು. ಇನ್ನೊಂದು ಬೋರ್‌ವೆಲ್ ಮೋಟಾರು. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ನೀರು ಆಳಕ್ಕಿಳಿದ ಹಾಗೆ ಮೋಟಾರಿನ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಗಳಿಗೆ ಬಿಡುವಿಲ್ಲ. ವೋಲ್ಟೇಜ್ ಕಮ್ಮಿಯಾಗಿ ಸುಟ್ಟದ್ದೋ, ಒಂದು ಫೇಸ್ ಹೋಗಿ ಸುಟ್ಟದ್ದೋ ಎಂದು ಕಾಯಿಲ್ ಕಪ್ಪಾದ ರೀತಿ ನೋಡಿಯೇ ಹೇಳುವವನಿಗೆ ಗಿರಾಕಿ ತಪ್ಪುವುದಿಲ್ಲ. ಮೂರು ಗುಂಪು ಕಾಯಿಲೂ ಒಂದೇ ಸಮ ಕರಕಲಾಗಿದ್ದರೆ ಓವರ್‌ಲೋಡ್ ಅಥವಾ ಕಮ್ಮಿ ವೋಲ್ಟೇಜು. ಕೆಲವು ಗುಂಪು ಕರಕಲಾಗಿ ಉಳಿದವು ಹಾಗೇ ಇದ್ದರೆ ಫೇಸ್ ಹೋದದ್ದು. ಈ ವಿದ್ಯೆ ಸಿಲೆಬಸ್ಸಿನಲ್ಲಿ ಸ್ವಲ್ಪ ಇದೆ, ಉಳಿದದ್ದು ಅಂಗಡಿಯಲ್ಲಿ. ಮನೆ ವೈರಿಂಗ್ ಗುತ್ತಿಗೆ ಹಿಡಿಯುವ ಯೋಚನೆ ಇದ್ದರೆ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಮಾಡಿಸಿಕೊಳ್ಳುವುದನ್ನು ಮರೆಯಬಾರದು.

ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಎರಡೆರಡು ವರ್ಷ. ಹರಿಹರ, ಅದರಾಚೆಯ ಕುಮಾರಪಟ್ಟಣ, ದಾವಣಗೆರೆಯ ರೈಸ್ ಮಿಲ್ಲು, ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಮೇಂಟೆನೆನ್ಸ್ ಕೆಲಸಕ್ಕೆ ಫಿಟ್ಟರ್ ಬೇಕು. ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ತಯಾರಿಸಿದ ಊರು ಹರಿಹರ. ಕಾರ್ಖಾನೆ ಮುಚ್ಚಿತು, ಲೇತಿನ ಕಸುಬು ಊರು ಬಿಟ್ಟು ಹೋಗಲಿಲ್ಲ. ಗಣಿ ಕಡೆಯವರಿಗೆ ಡೀಸೆಲ್ ಮೆಕ್ಯಾನಿಕ್ ಹೊಂದುತ್ತದೆ, ಒಂದೇ ವರ್ಷದ್ದು. ವಯಸ್ಸಿನ ತೊಡಕು ಮಾತ್ರ ನೆನಪಿರಲಿ. ಕೋಪಾ ಹೆಣ್ಣುಮಕ್ಕಳಿಗೆ 'ಸುಲಭ' ಎಂದು ಹೇಳಿ ಸೇರಿಸುವುದು ಹೆಚ್ಚು. ಒಂದು ವರ್ಷದ ಕಂಪ್ಯೂಟರ್ ಕೋರ್ಸಿಗೆ ಇಲ್ಲಿ ಸಿಗುವುದು ಬಹುತೇಕ ಝೆರಾಕ್ಸ್ ಅಂಗಡಿ, ಡಾಟಾ ಎಂಟ್ರಿ. ಅದೇ ಹುಡುಗಿ ಎರಡು ವರ್ಷದ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಮಾಡಿದರೆ, ಹೊರಡುವ ಹೊತ್ತಿಗೆ 18 ತುಂಬಿರುತ್ತದೆ; ನರಸಾಪುರ, ದೇವನಹಳ್ಳಿ ಕಡೆಯ ಮೊಬೈಲ್ ಕಾರ್ಖಾನೆಗಳು ಹಾಸ್ಟೆಲ್ ಕೊಟ್ಟು ಕರೆದುಕೊಳ್ಳುತ್ತವೆ.

ರೈಲ್ವೆ ಆಸೆ ಇದ್ದರೆ ಐಟಿಐ ಒಳ್ಳೆಯ ದಾರಿ. ಅಸಿಸ್ಟೆಂಟ್ ಲೋಕೋ ಪೈಲಟ್, ಟೆಕ್ನೀಷಿಯನ್ ಹುದ್ದೆಗಳಿಗೆ ಹತ್ತನೇ ತರಗತಿಯ ಜತೆ ಐಟಿಐ ಸಾಕು. ಐಟಿಐ ನಂತರ ಹುಬ್ಬಳ್ಳಿ ಅಥವಾ ಮೈಸೂರು ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 ಹುದ್ದೆಗಳಲ್ಲಿ 20 ಪರ್ಸೆಂಟ್ ಮೀಸಲು ಇದೆ. ಆ ಅಪ್ರೆಂಟಿಸ್ ಆಯ್ಕೆ ಹತ್ತನೇ ತರಗತಿ ಮತ್ತು ಐಟಿಐ ಅಂಕಗಳ ಸರಾಸರಿ ಮೇಲೆ. "ಐಟಿಐಗೆ ಬಂದಾಯ್ತು, ಇನ್ನು ಅಂಕ ಯಾಕೆ" ಅನ್ನುವವನು ಸೋಲುವುದು ಇಲ್ಲೇ.

ಅಪ್ರೆಂಟಿಸ್: ಮೂರನೇ ವರ್ಷ

ಐಟಿಐಯನ್ನು ಎರಡು ವರ್ಷದ್ದೆಂದು ಲೆಕ್ಕ ಹಿಡಿಯಬೇಡಿ. ಎರಡು ವರ್ಷ ಕಲಿಕೆ, ಒಂದು ವರ್ಷ ಅಪ್ರೆಂಟಿಸ್ ಎಂದು ಮೂರು ವರ್ಷವೇ ಹಿಡಿಯಿರಿ. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ ಹತ್ತನೇ ತರಗತಿಯವರಿಗೆ ₹6,000, ಐಟಿಐಯವರಿಗೆ ₹7,000, ಡಿಪ್ಲೊಮಾದವರಿಗೆ ₹8,000. 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು.

ಎಚ್ಚರ ವಹಿಸಬೇಕಾದ್ದು ಒಂದು ಕಡೆ. 'ಟ್ರೈನಿ' ಎಂದು ತೆಗೆದುಕೊಂಡು, ಅಪ್ರೆಂಟಿಸ್ ಪೋರ್ಟಲಿನಲ್ಲಿ ಕಾಂಟ್ರಾಕ್ಟ್ ಹಾಕದೆ ವರ್ಷವಿಡೀ ದುಡಿಸಿ ಕಳಿಸುವವರಿದ್ದಾರೆ. ಪೋರ್ಟಲಿನಲ್ಲಿ ಕಾಂಟ್ರಾಕ್ಟ್ ಇಲ್ಲದಿದ್ದರೆ ಕೊನೆಗೆ ಅಪ್ರೆಂಟಿಸ್ ಪರೀಕ್ಷೆಯಿಲ್ಲ, ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್) ಸರ್ಟಿಫಿಕೇಟ್ ಇಲ್ಲ, ರೈಲ್ವೆಯ ಆ 20 ಪರ್ಸೆಂಟೂ ಇಲ್ಲ. ಸೇರಿದ ಮೊದಲ ತಿಂಗಳೇ ಕಾಂಟ್ರಾಕ್ಟ್ ನಂಬರ್ ಕೇಳಿ ಇಸಿದುಕೊಳ್ಳಿ.

ಹತ್ತನೇ ತರಗತಿಯಾದ ಕೂಡಲೇ ನೇರ ಅಪ್ರೆಂಟಿಸ್ ಸೇರುವುದೂ ಸಾಧ್ಯ. ಮನೆಯಲ್ಲಿ ನಾಳೆಯೇ ದುಡ್ಡು ಬೇಕು ಎನ್ನುವ ಪರಿಸ್ಥಿತಿ ಇದ್ದರೆ ಮಾತ್ರ. ಅಲ್ಲಿಂದ ಡಿಪ್ಲೊಮಾಗೆ ಲ್ಯಾಟರಲ್ ಎಂಟ್ರಿ ಇಲ್ಲ.

ಡಿಪ್ಲೊಮಾ

ದಾವಣಗೆರೆಯ ಡಿಆರ್‌ಆರ್ ಸರ್ಕಾರಿ ಪಾಲಿಟೆಕ್ನಿಕ್, ಚಿತ್ರದುರ್ಗದ ಸರ್ಕಾರಿ ಪಾಲಿಟೆಕ್ನಿಕ್ ಎರಡಕ್ಕೂ ಸೀಟು ಎಸ್ಸೆಸ್ಸೆಲ್ಸಿ ಅಂಕದ ಮೇಲೆ; ಪ್ರವೇಶ ಪರೀಕ್ಷೆಯಿಲ್ಲ. ಮೂರು ವರ್ಷ, 19ಕ್ಕೆ ಮುಗಿಯುತ್ತದೆ, ವಯಸ್ಸಿನ ತೊಡಕಿಲ್ಲ. ಸರ್ಕಾರಿಯಲ್ಲಿ ಫೀಸು ಕಮ್ಮಿ. ನಮ್ಮ ಮಧ್ಯಮ ಮನೆಗಳಿಗೆ, ಗಣಿತ ಒಂದಿಷ್ಟು ಬರುವ ಮಕ್ಕಳಿಗೆ ಇದಕ್ಕಿಂತ ಸಮತೂಕದ ದಾರಿ ಕಾಣುವುದಿಲ್ಲ. ಆದರೂ ಪಿಯುಸಿ ಸೀಟು ಸಿಗದವರು ಹೋಗುವ ಜಾಗ ಅನ್ನೋ ಭಾವನೆ ಇನ್ನೂ ಇದೆ.

ತೊಡಕು ಮೊದಲ ವರ್ಷದ ಗಣಿತ. 2020ರಲ್ಲಿ ಬಂದ ಸಿ-20 ಪಠ್ಯಕ್ರಮದಲ್ಲಿ ಮ್ಯಾಟ್ರಿಕ್ಸ್, ಸರಳ ರೇಖೆ, ತ್ರಿಕೋನಮಿತಿ, ಡಿಫರೆನ್ಶಿಯೇಶನ್, ಇಂಟಿಗ್ರೇಶನ್ ಐದನ್ನೂ ಒಂದೇ ಪೇಪರಿನಲ್ಲಿ ಇಟ್ಟಿದ್ದರು. ಪಿಯುಸಿಯವರು ಎರಡು ವರ್ಷದಲ್ಲಿ ನಿಧಾನವಾಗಿ ಜಗಿಯುವುದನ್ನು ಇಲ್ಲಿ ಕೆಲವೇ ತಿಂಗಳಲ್ಲಿ ನುಂಗಬೇಕು, ಅದೂ ಇಂಗ್ಲಿಷಿನಲ್ಲಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 100ಕ್ಕೆ 50ರ ಕೆಳಗಿದ್ದವರು ಜೂನ್, ಜುಲೈ ಎರಡು ತಿಂಗಳು ತ್ರಿಕೋನಮಿತಿ, ಬೀಜಗಣಿತವನ್ನು ಮತ್ತೆ ಮಾಡಿಕೊಂಡು ಹೋದರೆ ಉಳಿಯುತ್ತಾರೆ. ಮೊದಲ ವರ್ಷದ ಪುಸ್ತಕಗಳನ್ನು ಎಐಸಿಟಿಇ ಕನ್ನಡದಲ್ಲೂ ತಂದಿದೆ. ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನ ಪಾಠ ಓದಿದರೆ ಅರ್ಥ ಹತ್ತುತ್ತದೆ, ಪರೀಕ್ಷೆಯ ಮಾತೂ ಬಾಯಿಗೆ ಬರುತ್ತದೆ.

ಬ್ರಾಂಚಿನ ಮಾತು. ಎಲ್ಲರ ಓಟ ಕಂಪ್ಯೂಟರ್ ಸೈನ್ಸ್ ಕಡೆಗೆ. 19 ವರ್ಷದ ಡಿಪ್ಲೊಮಾ ಹುಡುಗನನ್ನು ಪ್ರೋಗ್ರಾಮರ್ ಆಗಿ ತೆಗೆದುಕೊಳ್ಳುವ ಸಾಫ್ಟ್‌ವೇರ್ ಕಂಪನಿ ಅಪರೂಪ. ಹಾಗಾಗಿ ಸಿಎಸ್ ಡಿಪ್ಲೊಮಾ ಅಂದರೆ ಬಿಇ ಮಾಡಿಯೇ ತೀರುತ್ತೇವೆ ಅನ್ನುವವರಿಗೆ ಮಾತ್ರ. ಸಿವಿಲ್, ಎಲೆಕ್ಟ್ರಿಕಲ್ ಹಾಗಲ್ಲ. ಲೋಕೋಪಯೋಗಿ ಇಲಾಖೆ, ಕೆಪಿಟಿಸಿಎಲ್, ರೈಲ್ವೆಯ ಜೂನಿಯರ್ ಎಂಜಿನಿಯರ್ ಹುದ್ದೆಗಳಿಗೆ ಡಿಪ್ಲೊಮಾವೇ ಅರ್ಹತೆ. ನೇಮಕಾತಿ ಯಾವಾಗಲೋ ಕರೆಯುತ್ತಾರೆ, ಅಲ್ಲಿಯವರೆಗೆ ಸೈಟ್ ಸೂಪರ್‌ವೈಸರ್ ಆಗಿ ದುಡಿಯುವ ಅವಕಾಶ ಸಿವಿಲ್‌ನವರಿಗೆ ಇದ್ದೇ ಇದೆ.

ಸಿ-20 ಬಂದ ಮೇಲೆ ಕೊನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಸೇರಿದೆ. ಕಾಲೇಜು ಆರಿಸುವಾಗ "ಪ್ಲೇಸ್‌ಮೆಂಟ್ ಎಷ್ಟು?" ಅಂತ ಕೇಳಬೇಡಿ, ಅದಕ್ಕೆ ಎಲ್ಲರೂ ಚೆಂದದ ಉತ್ತರ ಇಟ್ಟುಕೊಂಡಿರುತ್ತಾರೆ. "ಹೋದ ವರ್ಷ ಕೊನೆಯ ಸೆಮಿಸ್ಟರಿನವರು ಯಾವ್ಯಾವ ಕಂಪನಿಗೆ ಇಂಟರ್ನ್‌ಶಿಪ್‌ಗೆ ಹೋದರು, ಎಷ್ಟು ಜನ?" ಅಂತ ಕೇಳಿ. ಊರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಕೊಂಡು ಮುಗಿಸಿದವರೇ ಹೆಚ್ಚಿದ್ದರೆ ಉತ್ತರ ತಡವರಿಸುತ್ತದೆ.

ಡಿಸಿಇಟಿ ಮೂಲಕ ಬಿಇಗೆ ಹೋದವರಿಗೆ ಮೂರನೇ ಸೆಮಿಸ್ಟರಿನ ಗಣಿತ ಮತ್ತೊಂದು ಗೋಡೆ. ವಿಟಿಯು ಇವರಿಗೆಂದೇ ಹೆಚ್ಚುವರಿ ಗಣಿತದ ಪೇಪರ್ ಇಟ್ಟಿದೆ. ಅದನ್ನು ಕಡೆಗಣಿಸಿದವರು ಮುಖ್ಯ ಗಣಿತದಲ್ಲಿ ಉಳಿಸಿಕೊಂಡು ಒದ್ದಾಡುತ್ತಾರೆ.

ಜಿಟಿಟಿಸಿ

1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಇದು. ಹರಿಹರದಲ್ಲಿ ಇದರ ಕೇಂದ್ರವಿದೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ, ಮೇಲೊಂದು ವರ್ಷ ಕಂಪನಿಯಲ್ಲಿ ತರಬೇತಿ, ಸ್ಟೈಪೆಂಡ್ ಸಮೇತ. ನೀರಿನ ಬಾಟಲಿಯ ಮುಚ್ಚಳ, ಮೊಬೈಲಿನ ಕವರು, ಕಾರಿನ ಡ್ಯಾಶ್‌ಬೋರ್ಡು ಎಲ್ಲದಕ್ಕೂ ಹಿಂದೆ ಒಂದು ಅಚ್ಚು ಇರುತ್ತದೆ. ಅದನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಮಾಡುವವರು ಇವರು. ಇಲ್ಲಿ ಯಂತ್ರದ ಮುಂದೆ ನಿಲ್ಲುವ ಹೊತ್ತು ಪಾಲಿಟೆಕ್ನಿಕ್‌ಗಿಂತ ಬಹಳ ಹೆಚ್ಚು. ಶಿಸ್ತೂ ಹೆಚ್ಚು, ಫೀಸೂ ಸರ್ಕಾರಿ ಪಾಲಿಟೆಕ್ನಿಕ್‌ಗಿಂತ ಜಾಸ್ತಿ.

ಕೆಲಸ ಸಿಗುವುದು ಖಾತ್ರಿ ಅನ್ನುವಷ್ಟು ಬೇಡಿಕೆ ಇದೆ, ಆದರೆ ದಾವಣಗೆರೆಯಲ್ಲಲ್ಲ. ಪೀಣ್ಯ, ಬೊಮ್ಮಸಂದ್ರ, ಹೊಸೂರು, ಪುಣೆ. ಒಬ್ಬನೇ ಮಗ, ತೋಟ ನೋಡಿಕೊಳ್ಳಬೇಕು ಅನ್ನುವ ಮನೆಗೆ ಇದು ಆಗಿಬರುವುದಿಲ್ಲ. ನಾಲ್ಕು ವರ್ಷ ಇಲ್ಲೇ ಕಳೆಯುವುದರಿಂದ ಬಿಇ ಮನಸ್ಸಿನಲ್ಲಿ ಇದ್ದವರಿಗೂ ಪಾಲಿಟೆಕ್ನಿಕ್ಕೇ ಹತ್ತಿರ.

ದುಡ್ಡು, ಬಸ್ಸು

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ನಮ್ಮ ಸೀಮೆಯಲ್ಲಿ ಎಷ್ಟೋ ಹಳ್ಳಿಗೆ ಬರುವುದು ಖಾಸಗಿ ಬಸ್ಸು, ಅದಕ್ಕೆ ಶಕ್ತಿ ಇಲ್ಲ. ಬೆಳಗಿನ ಮೊದಲ ಬಸ್ಸು ಕೆಂಪು ಬಸ್ಸೋ ಖಾಸಗಿಯೋ ನೋಡಿಕೊಂಡೇ ಖರ್ಚು ಬರೆಯಿರಿ. ಐಟಿಐ ವರ್ಕ್‌ಶಾಪು ಬೆಳಗ್ಗೆ ಬೇಗ ಶುರು. ದಿನಾ ಅರ್ಧ ಗಂಟೆ ತಡವಾದರೆ 80 ಪರ್ಸೆಂಟ್ ಹಾಜರಿಗೆ ಕುತ್ತು.

ಮೆಟ್ರಿಕ್ ನಂತರದ ಹಾಸ್ಟೆಲ್ ಐಟಿಐ, ಡಿಪ್ಲೊಮಾದವರಿಗೂ ಸಿಗುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ವರ್ಷಕ್ಕೆ 10 ತಿಂಗಳು ನೆರವಿನ ಹಣ ಸಿಗುತ್ತದೆ. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ ₹2,500, ಹುಡುಗಿಯರಿಗೆ ₹3,000 ನಿಗದಿಯಾಗಿತ್ತು. ಅಪ್ಪ ಅಥವಾ ಅಮ್ಮನ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು. ಇನ್ನು ಕೆಲಸ ಸಿಗದವರಿಗೆ ಕೊಡುವ ಯುವನಿಧಿ: ತಿಂಗಳಿಗೆ ಡಿಪ್ಲೊಮಾಗೆ ₹1,500, ಪದವಿಗೆ ₹3,000. ಐಟಿಐಗೆ ಇಲ್ಲ. ಇದನ್ನು ನೋಡಿ ಕೋರ್ಸು ಆರಿಸುವವರೂ ಇದ್ದಾರೆ, ಹಾಗೆ ಮಾಡಬೇಡಿ.

ಯಾವ ಮನೆಗೆ ಯಾವುದು

ಜಗಳೂರು ಕಡೆಯ ಎರಡೆಕರೆ ಖುಷ್ಕಿ, ಗಣಿತ 40ರ ಆಸುಪಾಸು, 19ಕ್ಕೆ ಸಂಬಳ ಬೇಕೇಬೇಕು: ಸರ್ಕಾರಿ ಐಟಿಐ, ಎರಡು ವರ್ಷದ ಟ್ರೇಡು, ಹಾಸ್ಟೆಲ್ಲು, ಆಮೇಲೆ ಅಪ್ರೆಂಟಿಸ್. ಸ್ಟೈಪೆಂಡ್ ಬರುವ ಹೊತ್ತಿಗೆ 18.

ಹರಿಹರದ ಕಾರ್ಮಿಕರ ಮನೆ, ಗಣಿತ 60, ಯಂತ್ರ ಬಿಚ್ಚಿ ನೋಡುವ ಹುಚ್ಚು, ಊರು ಬಿಡಲು ಅಂಜಿಕೆಯಿಲ್ಲ: ಜಿಟಿಟಿಸಿ. ಊರು ಬಿಡುವುದಿಲ್ಲ ಎಂದರೆ ಅದೇ ಮಗುವಿಗೆ ಫಿಟ್ಟರ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ.

ಚಿತ್ರದುರ್ಗದಲ್ಲಿ ತಿಂಗಳ ಸಂಬಳದ ಮನೆ, ಗಣಿತ 55ರಿಂದ 75, ಎಂಜಿನಿಯರ್ ಆಸೆ ಇದೆ, ನಂಬಿಕೆ ಅಷ್ಟಿಲ್ಲ: ಡಿಪ್ಲೊಮಾ. ಬಿಇಗೆ ಅದೇ ಆರು ವರ್ಷ, ನಡುವೆ ನಿಂತರೂ ಕೈ ಬರಿದಲ್ಲ. ಇಂಥ ಮಕ್ಕಳನ್ನು ಲಕ್ಷ ಕೊಟ್ಟು ಸೈನ್ಸಿಗೆ ಸೇರಿಸುವುದೇ ಅತಿ ದುಬಾರಿ ತಪ್ಪು.

ಗಣಿತ 85ರ ಮೇಲೆ, ಮನೆ ಕಾಯಬಲ್ಲದು: ಸೈನ್ಸ್, ಬೇರೆ ಮಾತಿಲ್ಲ. ಸರ್ಕಾರಿ ಅಥವಾ ಅನುದಾನಿತ ಕಾಲೇಜಾದರೂ ಸರಿ.

ಸೇರುವ ಮುನ್ನ ಕಾಗದ ಪತ್ರ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಇರಲಿ. ಐಟಿಐ ಸರ್ಟಿಫಿಕೇಟ್ ಆನ್‌ಲೈನಿನಲ್ಲೇ ಹುಟ್ಟುವುದರಿಂದ ಆಮೇಲೆ ತಿದ್ದಿಸುವುದು ತಿಂಗಳುಗಟ್ಟಲೆಯ ಅಲೆದಾಟ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರಗಳನ್ನು ಶಾಲೆ ಬಿಡುವಾಗಲೇ ಮಾಡಿಸಿ, ಬಿಇಒ ಸಹಿ ಹಾಕಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದ್ದರೆ ಸಾಲದು, ಸರ್ಕಾರದ ಹಣ ಆ ಖಾತೆಗೇ ಬರುವಂತೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನ ನಿಂತುಹೋಗುವುದು ಹೆಚ್ಚಾಗಿ ಅಲ್ಲೇ.

ಕೊನೆಯದು ಟಿಸಿ. 'ಸದ್ಯಕ್ಕೆ ಇರಲಿ' ಎಂದು ಪಿಯು ಕಾಲೇಜಿಗೆ ಮೂಲ ಟಿಸಿ, ಮೂಲ ಅಂಕಪಟ್ಟಿ ಎರಡೂ ಕೊಟ್ಟು ಸೇರಿಸಿರುತ್ತಾರೆ. ತಿಂಗಳ ನಂತರ ಪಾಲಿಟೆಕ್ನಿಕ್ ಸೀಟು ಬಂದಾಗ ಕಾಲೇಜಿನವರು ಪೂರ್ತಿ ವರ್ಷದ ಫೀಸು ಕಟ್ಟಿ ಟಿಸಿ ಒಯ್ಯಿರಿ ಅನ್ನುತ್ತಾರೆ, ಇತ್ತ ಸೀಟು ಖಾತ್ರಿಪಡಿಸಲು ಎರಡು ದಿನ ಗಡುವು. ಅರ್ಜಿ ಹಾಕಿದ ಎಲ್ಲ ಕಡೆಯ ಪಟ್ಟಿ ಬರುವವರೆಗೆ ದೃಢೀಕರಿಸಿದ ನಕಲು ಕೊಟ್ಟು ಮೂಲ ಪತ್ರಗಳನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಕೊಡಲೇಬೇಕು ಅಂದರೆ, ಸೀಟು ಬಿಟ್ಟರೆ ಎಷ್ಟು ಫೀಸು ವಾಪಸ್ ಬರುತ್ತದೆ ಎಂಬುದನ್ನು ರಸೀದಿಯ ಹಿಂದೆ ಬರೆಸಿ, ಸೀಲು ಹಾಕಿಸಿಕೊಂಡು ಬನ್ನಿ.